ಪಿಕಪ್ಪಿಗೆ ಹಾಕಿಸಿದ ಹೆಚ್ಚಿನ ಪ್ಲೇಟು

ಲೋಡು ತುಂಬಿದಾಗ ನಮ್ಮ ಪಿಕಪ್ಪಿನ ಹಿಂಭಾಗ ನೆಲಕ್ಕೆ ಕೂರುತ್ತಿತ್ತು. ಮೂತಿ ಮೇಲೆದ್ದು, ದೀಪದ ಬೆಳಕು ರಸ್ತೆಗೆ ಬೀಳುವುದು ಬಿಟ್ಟು ಹುಣಸೇಮರದ ಕೊಂಬೆಗಳಿಗೆ ಬೀಳುತ್ತಿತ್ತು. ನಾಯಿ ಕೂತ ಹಾಗೆ ಕಾಣುತ್ತೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಡಿಯನ್ನಲ್ಲ, ನನ್ನನ್ನೇ ಅಂದರು ಅನ್ನಿಸುತ್ತಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ನಂದಗುಡಿ ಕಡೆಯಿಂದ ಬೂದಿಗೆರೆ ಹತ್ತಿರದ ಒಂದು ಊರಿಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಯಜಮಾನರೂ ಅವರಣ್ಣನೂ ಭಾಗವಾಗಿ, ಒಂದೇ ಮನೆಯ ಹಟ್ಟಿಯ ನಡುವೆ ಗೋಡೆ ಎದ್ದಿತ್ತು. ಬಾವಿಯಿದ್ದ ಹೊಲ ಭಾವನವರಿಗೆ ಹೋಯಿತು. ಇವರು ತಮ್ಮ ಪಾಲಿಗೆ ಬಂದದ್ದರಲ್ಲಿ ಒಂದು ಹಳೆಯ ಪಿಕಪ್ಪು ತಂದರು. ಸುತ್ತಮುತ್ತಲ ತೋಟಗಳ ದ್ರಾಕ್ಷಿಯನ್ನು, ದ್ರಾಕ್ಷಿ ಇಲ್ಲದಾಗ ಟೊಮೆಟೊ, ಹುರುಳೀಕಾಯಿಯನ್ನು ಬೆಂಗಳೂರಿನ ಮಾರ್ಕೆಟ್ಟಿಗೆ ಹಾಕುವುದು ಕೆಲಸ. ಅತ್ತೆ ನಮ್ಮ ಜೊತೆ ಇದ್ದರು. ಗೋಡೆಯಾಚೆ ಭಾವ, ಓರಗಿತ್ತಿ, ಅವರ ಮಕ್ಕಳು.

ಗಾಡಿ ಕೂರುವುದಕ್ಕೆ ಮದ್ದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಚಕ್ರದ ಹತ್ತಿರ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರಲ್ಲ, ಅದು ಕಮಾನು. ಅದರ ಒಂದೊಂದು ಪಟ್ಟಿಗೆ ಪ್ಲೇಟು ಎನ್ನುತ್ತಾರೆ. ಕಂಪನಿಯವರು ಕೊಟ್ಟದ್ದರ ಜೊತೆಗೆ ಇನ್ನಷ್ಟು ಪ್ಲೇಟು ಸೇರಿಸಿದರೆ ಹಿಂಭಾಗ ಎದ್ದು ನಿಲ್ಲುತ್ತದೆ. ಹೊಸಕೋಟೆಯಲ್ಲಿ ಒಬ್ಬರು ಸಾಬರು ಈ ಕೆಲಸ ಮಾಡಿಕೊಡುತ್ತಿದ್ದರು. ಹಾಕಿಸಬೇಕೋ ಬೇಡವೋ ಎನ್ನುವುದು ಮಾತ್ರ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯಿತು. ಹೆಣ್ಣು ನೋಡುವ ಶಾಸ್ತ್ರಕ್ಕೂ ಅಷ್ಟು ಮಾತು ಖರ್ಚಾಗಿರಲಿಲ್ಲ.

ಜಗಲಿಯ ಮೇಲೆ ಕೂತು ಅಭಿಪ್ರಾಯ ಹೇಳದವರಿಲ್ಲ. ಹಾಕಿಸಿದರೆ ಎರಡು ಸಲದ ಹೊರೆ ಒಂದೇ ಸಲಕ್ಕೆ ಹೋಗುತ್ತೆ, ಟೈರು ಮಡ್‌ಗಾರ್ಡಿಗೆ ಉಜ್ಜೋದು ತಪ್ಪುತ್ತೆ ಎಂದು ಕೆಲವರು. ಕಮಾನು ಗಟ್ಟಿಯಾದರೆ ಏಟೆಲ್ಲ ಗಾಡಿಯ ಅಡಿಯ ಚಾಸಿಗೆ ಹೋಗುತ್ತೆ, ಬೋಲ್ಟು ಸಡಿಲವಾಗುತ್ತೆ, ಖಾಲಿ ಬರುವಾಗ ಗಾಡಿ ಕುಪ್ಪಳಿಸುತ್ತೆ ಎಂದು ಇನ್ನು ಕೆಲವರು. ಎರಡು ಕಡೆಯವರು ಹೇಳಿದ್ದೂ ನಿಜವೇ. ನಮ್ಮತ್ತೆ ಮಾತ್ರ, ಎತ್ತಿಗೆ ಇನ್ನೆರಡು ಕೊಂಬು ಇಟ್ಟರೆ ಜಾಸ್ತಿ ಉಳುತ್ತದಾ ಎಂದು ಕೇಳಿ ಎಲೆಅಡಿಕೆ ಜಗಿಯುತ್ತಾ ಒಳಗೆ ಹೋದರು. ಯಜಮಾನರಿಗೂ ಅಷ್ಟೇನೂ ಮನಸ್ಸಿರಲಿಲ್ಲ. ಅರ್ಧ ಲೋಡಿನಲ್ಲಿ ದ್ರಾಕ್ಷಿ ತೆಗೆದುಕೊಂಡು ಹೋದರೆ ಕುಲುಕಿ ಕುಲುಕಿ ರಸವಾಗಿಬಿಡುತ್ತೆ ಎನ್ನುವ ಅಳುಕು ಅವರದು.

ಹಾಕಿಸಲೇಬೇಕು ಎಂದು ಹಟ ಹಿಡಿದವಳು ನಾನು. ಕಾರಣ ಗಾಡಿಯದಲ್ಲ. ಒಂದು ಹಬ್ಬಕ್ಕೆ ನಾವು ತವರಿಗೆ ಹೋದಾಗ ಜೊತೆಗೆ ತೆಂಗಿನಕಾಯಿ ಮೂಟೆಗಳಿದ್ದವು, ಗಾಡಿ ಹಿಂದಕ್ಕೆ ಕುಸಿದಿತ್ತು. ನಮ್ಮಣ್ಣನ ಸ್ನೇಹಿತರು ಅದನ್ನು ನೋಡಿ, ಏನು ಭಾವ, ನಮ್ಮ ಹುಡುಗಿ ಅಷ್ಟು ಭಾರವಾ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಇವರೂ ನಕ್ಕರು. ನಾನು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಾ ಕಣ್ಣೊರೆಸಿಕೊಂಡೆ. ನಾಲ್ಕು ಜನರೆದುರು ಎದ್ದು ನಿಂತ ಗಾಡಿ ಬೇಕು ಎನ್ನುವುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರೆ. ನನಗೆ ಐಶ್ವರ್ಯವೂ ಬಂದಿರಲಿಲ್ಲ, ಕೊಡೆ ಮಾತ್ರ ಬೇಕಾಗಿತ್ತು.

ಪ್ಲೇಟು ಬಿತ್ತು. ಹಾಕಿಕೊಟ್ಟ ಸಾಬರು, ಖಾಲಿ ಓಡಿಸಬೇಡಿ, ಯಾವಾಗಲೂ ಏನಾದರೂ ಭಾರ ಇರಲಿ ಎಂದರಂತೆ. ಗಾಡಿ ಮನೆ ಮುಂದೆ ಬಂದು ನಿಂತಾಗ ಹಿಂಭಾಗ ಎಷ್ಟು ಎತ್ತರವಾಗಿತ್ತೆಂದರೆ, ಅತ್ತೆ ನೋಡಿ, ಇದೇನು ಹಸು ಏಳುವಾಗ ಹಿಂಗಾಲು ಎತ್ತಿಕೊಂಡ ಹಾಗಿದೆಯಲ್ಲ ಎಂದರು. ನನಗೆ ಅದೇ ಚೆಂದ ಕಂಡಿತು. ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಗೋಡೆಯಾಚೆಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಗಂಟೆ ಬಾರಿಸಿದೆ.

ತುಂಬಿದ ಗಾಡಿ ನಿಜಕ್ಕೂ ಸೊಗಸಾಗಿ ಹೋಗುತ್ತಿತ್ತು. ಖಾಲಿ ಗಾಡಿಯದು ಬೇರೆಯೇ ಕಥೆ. ಸಣ್ಣ ಕಲ್ಲು ಸಿಕ್ಕರೂ ಹಿಂಭಾಗ ಎಗರಿ ಬೀಳುತ್ತಿತ್ತು, ಡೋರು ತಾನಾಗಿ ತೆರೆದುಕೊಳ್ಳುತ್ತಿತ್ತು. ಒಂದು ದಿನ ಓರಗಿತ್ತಿ ತನ್ನ ತವರಿಗೆ ಹೋಗಬೇಕಾಗಿತ್ತು. ಭಾಗವಾದರೂ ಆಗಿನ್ನೂ ಮಾತು ನಿಂತಿರಲಿಲ್ಲ. ಇವರು ದೇವನಹಳ್ಳಿ ಕಡೆ ಖಾಲಿ ಹೋಗುತ್ತಿದ್ದವರು ಅವಳನ್ನೂ ಮಕ್ಕಳನ್ನೂ ಹಿಂದೆ ಕೂರಿಸಿಕೊಂಡು ಹೋದರು. ವಾಪಸ್ಸು ಬಂದವಳು ನೀರಿನ ನಲ್ಲಿಯ ಹತ್ತಿರ, ಆ ಗಾಡಿಯಲ್ಲಿ ಕೂತರೆ ಸೊಂಟ ಕಳಚಿ ಕೈಗೆ ಬರುತ್ತೆ ಎಂದು ಹೇಳಿ ಎಲ್ಲರನ್ನೂ ನಗಿಸಿದಳಂತೆ. ಅವಳ ಸ್ವಭಾವವೇ ಹಾಗೆ, ನಗಿಸುವುದು. ನನಗೆ ಸುದ್ದಿ ಮುಟ್ಟಿತು. ಮಾರನೆಯ ದಿನ ಅದೇ ನಲ್ಲಿಯ ಹತ್ತಿರ, ಅದೇ ಹೆಂಗಸರ ಮುಂದೆ, ನಾನು ಕೊಡ ಇಳಿಸಿ ಹೇಳಿದೆ:

"ಬಿಟ್ಟಿ ಕೂತ್ಕೊಂಡು ಹೋಗೋರ್ಗೆ ಮೆತ್ತೆ ಬೇರೆ ಹಾಸ್ಬೇಕಾ?"

ಯಾರೂ ನಗಲಿಲ್ಲ. ಓರಗಿತ್ತಿ ತುಂಬದ ಕೊಡವನ್ನೇ ಎತ್ತಿಕೊಂಡು ಹೋದಳು. ಅಂದಿನಿಂದ ಗೋಡೆಯಾಚೆಯವರು ನಮ್ಮ ಜೊತೆ ಮಾತು ಬಿಟ್ಟರು. ನನಗೆ ಗೆದ್ದ ಹಾಗೇ ಇತ್ತು.

ಆ ಹೊತ್ತಿಗೆ ನಾನು ಎರಡನೆಯ ಮಗುವಿನ ಬಸುರಿ. ಮೊದಲ ಹೆರಿಗೆ ತವರಿನಲ್ಲಾಗಿತ್ತು, ಇದು ಗಂಡನ ಮನೆಯ ಪಾಲಿಗೆ. ಶ್ರಾವಣದ ಒಂದು ಬೆಳಿಗ್ಗೆ ನೋವು ಶುರುವಾದಾಗ ಗಾಡಿಗೆ ದ್ರಾಕ್ಷಿಯ ಪೆಟ್ಟಿಗೆಗಳು ತುಂಬಿದ್ದವು. ಮುಂದೆ ಇವರ ಪಕ್ಕ ನಾನೂ ಅತ್ತೆಯೂ ಕೂತು ಹೊಸಕೋಟೆಯ ನರ್ಸಿಂಗ್ ಹೋಮಿಗೆ ಹೋದೆವು. ಮಳೆಗೆ ಕಿತ್ತುಹೋದ ರಸ್ತೆಯಲ್ಲಿ ಗಾಡಿ ತೊಟ್ಟಿಲು ತೂಗಿದ ಹಾಗೆ ಹೋಯಿತು. ಅಷ್ಟು ನೋವಿನಲ್ಲೂ, ನೋಡಿದಿರಾ ಪ್ಲೇಟು ಹಾಕಿಸಿದ್ದಕ್ಕೆ ಎಂದು ಅತ್ತೆಗೆ ಅಂದೆ. ಅವರು ಬಾಯಿಮುಚ್ಚಿಕೊಂಡು ಹೊಟ್ಟೆ ಹಿಡ್ಕೋ ಎಂದರು.

ಮಗು ಅಡ್ಡ ತಿರುಗಿತ್ತು. ಆಪರೇಷನ್ನು ಮಾಡಿ ತೆಗೆದರು. ಗಂಡುಮಗು. ಹೊಲಿಗೆ ಸರಿಯಾಗಿ ಕೂಡದೆ ಒಂದು ಕಡೆ ಕೀವಾಯಿತು, ಮತ್ತೆ ತೊಳೆದು ಕಟ್ಟಿದರು. ಮನೆಗೆ ಕಳಿಸುವ ಹಿಂದಿನ ದಿನ ನರ್ಸು ಇವರನ್ನು ಕರೆದು, ಮಲಗಿಸಿಕೊಂಡೇ ಹೋಗಬೇಕು, ಗಾಡಿ ಎತ್ತಿ ಹಾಕಬಾರದು, ಹೊಲಿಗೆ ಬಿಟ್ಟುಕೊಂಡರೆ ಬೆಂಗಳೂರಿಗೆ ಹೋಗಬೇಕಾಗುತ್ತೆ ಎಂದು ಗಟ್ಟಿಯಾಗಿ ಹೇಳಿದರು. ನಾನು ಮಂಚದ ಮೇಲೆ ಕೇಳಿಸಿಕೊಂಡೆ. ಆಗ ಮೊದಲ ಸಲ ನನಗೆ ಖಾಲಿ ಗಾಡಿ ಕುಪ್ಪಳಿಸುವ ಸದ್ದು ನೆನಪಾಗಿ ಭಯವಾಯಿತು.

ಇವರು ಬಾಡಿಗೆ ಕಾರು ಮಾಡೋಣ ಎಂದರು. ಕಾರಿನ ಹಿಂದಿನ ಸೀಟಿನಲ್ಲಿ ಹೇಗೋ ಒರಗಿಕೊಂಡು ಬರಬಹುದಿತ್ತು. ಬೇಡ ಎಂದೆ. ಮನೆ ಮುಂದೆ ಗಾಡಿ ಇಟ್ಟುಕೊಂಡು ಬಾಣಂತಿಯನ್ನು ಬಾಡಿಗೆ ಕಾರಿನಲ್ಲಿ ತಂದರೆ ಗೋಡೆಯಾಚೆ ಅವಳು ಏನೆಂದು ನಗಿಸುತ್ತಾಳೆ ಎನ್ನುವುದು ನನ್ನ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು. ಇವರು, ಹಾಗಾದರೆ ಭಾರ ಹಾಕಿಕೊಂಡು ಬರುತ್ತೇನೆ ಎಂದು ಹೊರಟರು.

ಭಾರ ಸಿಗುವುದು ಎಷ್ಟು ಕಷ್ಟ ಎಂದು ಆಮೇಲೆ ಅತ್ತೆ ಹೇಳಿದರು. ದ್ರಾಕ್ಷಿ ಹೇರಿಕೊಂಡು ಬರುವ ಹಾಗಿಲ್ಲ. ಬಾಣಂತಿ ಮಲಗಿದ್ದ ಕಡೆಯ ಹಣ್ಣನ್ನು ಶ್ರಾವಣಮಾಸದಲ್ಲಿ ಕೊಂಡವರಿಗೆ ಗೊತ್ತಾದರೆ ಮುಂದೆ ಯಾರೂ ನಮಗೆ ಲೋಡು ಕೊಡುವುದಿಲ್ಲ. ನಮ್ಮ ರಾಗಿ ಹಗೇವಿನಲ್ಲಿತ್ತು, ಅಂಗಳದ ನೆಲದಡಿಯ ಆ ಕಣಜದ ಬಾಯನ್ನು ಪುರುಡಿನ, ಅಂದರೆ ಹೆರಿಗೆಯ ಸೂತಕದ ದಿನಗಳಲ್ಲಿ ತೆಗೆಯಬಾರದು. ಊರಿನ ಜನರನ್ನೇ ಕೂರಿಸಿಕೊಂಡು ಬರೋಣ ಎಂದು ಇವರು ನಾಲ್ಕಾರು ಮನೆ ಹತ್ತಿ ಇಳಿದರು. ಮಗು ನೋಡಲು ಅವರೆಲ್ಲ ಸಂತೋಷವಾಗಿ ಬಂದಿದ್ದವರೇ, ಬಾಗಿಲಲ್ಲಿ ನಿಂತು ನೋಡಿ ಬಸ್ಸು ಹತ್ತಿದ್ದವರು. ಬಾಣಂತಿಯ ಪಕ್ಕ ಕೂತು ಬರುವುದೆಂದರೆ ಬೇರೆ. ಮೈಲಿಗೆಯಾಗುತ್ತದೆ, ಬಟ್ಟೆ ನೆನೆಸಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು. ಮಾರನೆಯ ದಿನ ಶ್ರಾವಣ ಶನಿವಾರ, ಮನೆಮನೆಯಲ್ಲೂ ದೇವರು. ಯಾರೂ ಆಗುವುದಿಲ್ಲ ಎನ್ನಲಿಲ್ಲ. ಒಬ್ಬರಿಗೆ ಹಸು ಕರುಹಾಕುವುದರಲ್ಲಿತ್ತು, ಇನ್ನೊಬ್ಬರಿಗೆ ಜ್ವರ ಬರುವ ಹಾಗಿತ್ತು. ಅವರನ್ನು ಬಯ್ಯಲು ನನಗೆ ಬಾಯಿಲ್ಲ, ಅವರ ಜಾಗದಲ್ಲಿದ್ದಿದ್ದರೆ ನನಗೂ ಜ್ವರ ಬರುತ್ತಿತ್ತು.

ಕೊನೆಗೆ ಇವರು ಹೊಸಕೋಟೆ ರಸ್ತೆಯಲ್ಲಿ ಕಲ್ಲು ಒಡೆಯುವವರ ಹತ್ತಿರ ಹೋಗಿ ಸೈಜುಗಲ್ಲು ತುಂಬಿಸಿಕೊಂಡು ಬಂದರು. ಕಲ್ಲಿಗೆ ಮೈಲಿಗೆ ಇಲ್ಲವಲ್ಲ. ಎರಡು ಪಕ್ಕಕ್ಕೂ ಕಲ್ಲು, ನಡುವೆ ಹುಲ್ಲು, ಹುಲ್ಲಿನ ಮೇಲೆ ಹಾಸಿಗೆ. ನನ್ನನ್ನು ಕೈಹಿಡಿದು ನಡೆಸಿಕೊಂಡು ಬಂದ ಆಯಾ ಅದನ್ನು ನೋಡಿ, ಅಯ್ಯೋ ಇದರಲ್ಲಾ ಎಂದಳು. ಆಸ್ಪತ್ರೆಯ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಎದ್ದು ನಿಂತ ಗಾಡಿ ಬೇಕು ಎಂದು ಹಟ ಹಿಡಿದವಳು ನಾನೇ. ಮನೆ ಕಟ್ಟುವ ಕಲ್ಲಿನ ನಡುವೆ, ಸಾಮಾನಿನ ಹಾಗೆ ಮಲಗಿ ಹೋಗಬೇಕಾದವಳೂ ನಾನೇ. ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು.

ಆಗ ಗೇಟಿನ ಹೊರಗೆ ಬಸ್ಸಿನಿಂದ ಓರಗಿತ್ತಿ ಇಳಿದಳು. ಅವಳ ಹಿಂದೆ ಭಾವ, ದೊಡ್ಡ ಮಗಳು, ಅವರ ಹಿಂದೆ ನಮ್ಮ ಮಾವನ ತಮ್ಮಂದಿರ ಮನೆಯವರು, ಮೇಲಿನ ಬೀದಿಯ ದಾಯಾದಿಗಳು. ಭಾಗದ ಪಂಚಾಯ್ತಿಯಲ್ಲಿ ಜಗಳವಾಡಿದ್ದವರು, ನಮ್ಮ ಮನೆಯ ಶುಭಕಾರ್ಯಗಳಿಗೆ ಬಾರದಿದ್ದವರು, ನಾವು ಕರೆಯದೆ ಬಿಟ್ಟಿದ್ದವರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಮಗುವಿನ ಮುಖ ನೋಡುತ್ತಾ ನಿಂತೆ. ನೋಡಿ ನಗುವುದಕ್ಕೇ ಬಂದಿದ್ದಾರೆ ಎಂದು ನನಗೆ ಅನುಮಾನವೇ ಇರಲಿಲ್ಲ.

ಇವರು ತಡವರಿಸುತ್ತಾ, ನೀವ್ಯಾಕೆ ಬರೋದಿಕ್ಕೆ ಹೋದ್ರಿ ಅತ್ತಿಗೆ ಎಂದರು. ಅವಳು ಇವರಿಗೆ ಉತ್ತರ ಕೊಟ್ಟಳು, ಆದರೆ ನನ್ನ ಕಡೆ ನೋಡಿಕೊಂಡು:

"ಭಾರ ಬೇಕು ಅಂತ ಊರೆಲ್ಲ ಸುತ್ತಿದ್ರಂತಲ್ಲ. ನಮ್ ಮನೆಗೆ ಯಾಕ್ ಬರ್ಲಿಲ್ಲ? ನಮಗೂ ಪುರುಡು ಐತಲ್ವಾ. ನಮಗೇನ್ ಹೊಸ್ದಾಗಿ ಮೈಲಿಗೆ ಆಗ್ಬೇಕಾ?"

ಅದು ನಿಜ. ಒಂದೇ ವಂಶದಲ್ಲಿ ಮಗು ಹುಟ್ಟಿದರೆ ದಾಯಾದಿಗಳ ಮನೆಗಳಿಗೆಲ್ಲ ಪುರುಡು. ಮಾತು ಬಿಟ್ಟಿದ್ದರೂ, ಗೋಡೆ ಎದ್ದಿದ್ದರೂ, ನನ್ನ ಮಗ ಹುಟ್ಟಿದ್ದಕ್ಕೆ ಅವರೆಲ್ಲ ಆ ಶ್ರಾವಣದಲ್ಲಿ ದೇವರ ದೀಪ ಹಚ್ಚದೆ ಕೂತಿದ್ದರು. ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಅವರನ್ನು ಕೇಳಬಹುದು ಎನ್ನುವ ಯೋಚನೆ ನಮ್ಮ ಮನೆಯಲ್ಲಿ ಒಬ್ಬರಿಗೂ ಬರಲಿಲ್ಲ, ಅಷ್ಟೇ.

ಅವರೆಲ್ಲ ಹತ್ತಿದರು. ಸೈಜುಗಲ್ಲುಗಳ ಮೇಲೆ ಟವಲ್ಲು ಹಾಸಿಕೊಂಡು ಕೂತರು. ಅತ್ತೆ ಮಗುವನ್ನು ಎತ್ತಿಕೊಂಡು ಮುಂದೆ ಇವರ ಪಕ್ಕ ಕೂತರು. ನನ್ನನ್ನು ಹೆಂಗಸರು ನಾಲ್ಕೂ ಕಡೆ ಹಿಡಿದು ಹಾಸಿಗೆಯ ಮೇಲೆ ಮಲಗಿಸಿದರು. ಗಂಡಸರು ಯಾರೂ ಹೇಳದೆಯೇ ನನಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ತಿರುಗಿಸಿ ಕೂತರು. ಊರು ತಲುಪುವವರೆಗೂ ಒಬ್ಬರೂ ಈ ಕಡೆ ತಿರುಗಲಿಲ್ಲ.

ಗಾಡಿ ಹೊರಟಿತು. ಅಷ್ಟು ಭಾರಕ್ಕೆ ಹೆಚ್ಚಿನ ಪ್ಲೇಟುಗಳು ಬಗ್ಗಿ, ಹಿಂಭಾಗ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ನನಗೆ ಆ ಸುಖವೇ ಚುಚ್ಚುತ್ತಿತ್ತು. ಎದೆಹಾಲು ಸೋರಿ ರವಿಕೆ ಒದ್ದೆಯಾಯಿತು. ಹೊದಿಕೆ ಎಳೆದುಕೊಳ್ಳಲು ಕೈ ಎತ್ತಿದರೆ ಹೊಲಿಗೆ ಹಿಡಿಯುತ್ತಿತ್ತು. ಯಾರೋ ಚಿಕ್ಕತ್ತೆ ತಮ್ಮ ಸೆರಗನ್ನೇ ನನ್ನ ಮೇಲೆ ಹೊದಿಸಿದರು. ಓರಗಿತ್ತಿ ನನ್ನ ಬಲಕ್ಕೆ, ಕಲ್ಲಿಗೂ ಹಾಸಿಗೆಗೂ ನಡುವೆ ಇದ್ದ ಚೂರು ಜಾಗದಲ್ಲಿ ಮುದುರಿಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಅವಳು ತನ್ನ ಮಗಳ ಜೊತೆ, ಕೆರೆ ತುಂಬಿರುವುದರ ಬಗ್ಗೆ, ಯಾರದೋ ತೋಟದಲ್ಲಿ ದ್ರಾಕ್ಷಿ ಕೊಳೆತದ್ದರ ಬಗ್ಗೆ ಮಾತಾಡುತ್ತಲೇ ಇದ್ದಳು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಆಡಬೇಕೆಂದು ಬಾಯಿ ತೆರೆದಾಗಲೆಲ್ಲ ನಲ್ಲಿಯ ಹತ್ತಿರ ಹೇಳಿದ ಮಾತೇ ನೆನಪಾಗುತ್ತಿತ್ತು.

ಎರಡು ಕಡೆ ದೊಡ್ಡ ಹಳ್ಳಗಳು ಸಿಕ್ಕವು. ಎಷ್ಟೇ ನಿಧಾನ ಮಾಡಿದರೂ ಗಾಡಿ ಒಂದು ಸಲ ವಾಲಿ, ಕಲ್ಲುಗಳು ಒಂದಕ್ಕೊಂದು ಉಜ್ಜಿ ಕರಕರ ಎಂದವು. ಬಲಗಡೆಯ ಕಲ್ಲು ಜಾರಿ ನನ್ನ ಪಕ್ಕೆಗೆ ಬರುತ್ತದೆ ಎಂದು ಕಣ್ಣುಮುಚ್ಚಿ ಹಲ್ಲು ಕಚ್ಚಿದೆ. ಏನೂ ಆಗಲಿಲ್ಲ. ಕಲ್ಲು ಭದ್ರವಾಗಿಯೇ ಇಟ್ಟಿದ್ದಾರೆ ಎಂದುಕೊಂಡೆ. ಓರಗಿತ್ತಿಯ ಮಾತು ಆ ಕ್ಷಣ ಮಾತ್ರ ನಿಂತು, ಮತ್ತೆ ಕೊಳೆತ ದ್ರಾಕ್ಷಿಗೆ ಹೋಯಿತು.

ಮನೆ ಮುಂದೆ ಗಾಡಿ ನಿಂತಿತು. ಒಬ್ಬೊಬ್ಬರೇ ಇಳಿದು, ಮಗುವಿಗೆ ದೃಷ್ಟಿ ತೆಗೆಯಿರಿ ಎಂದು ಹೇಳಿ ಹೋದರು. ನನ್ನನ್ನು ಇಳಿಸಿದರು. ಹೊಲಿಗೆ ಹಾಗೇ ಇತ್ತು. ಕೊನೆಗೆ ಓರಗಿತ್ತಿ ಇಳಿಯಲು ಹೋದವಳು ಒಂದೇ ಕೈಯಲ್ಲಿ ಹಿಡಿದುಕೊಂಡು, ಕಾಲು ನೆಲಕ್ಕೆ ಎಟುಕದೆ ತಡವರಿಸಿದಳು. ಇನ್ನೊಂದು ಕೈ ಸೆರಗಿನಲ್ಲಿ ಸುತ್ತಿತ್ತು. ಸೆರಗು ಕೆಂಪಾಗಿತ್ತು. ಅವಳ ಮಗಳು ಏನಮ್ಮ ಎಂದು ಬಿಡಿಸಿ ನೋಡಿದಾಗ ನಾನೂ ನೋಡಿದೆ. ಬೆರಳ ಗಿಣ್ಣುಗಳ ಮೇಲಿನ ಚರ್ಮ ಪೂರ್ತಿ ಎದ್ದುಬಂದಿತ್ತು, ಮುಂಗೈಯಲ್ಲಿ ಬಳೆ ಒಡೆದು ಚುಚ್ಚಿತ್ತು. ಕಲ್ಲಿಗೂ ನನ್ನ ಪಕ್ಕೆಗೂ ನಡುವೆ ಅವಳು ಹೊಸಕೋಟೆಯಿಂದಲೂ ಕೈ ಇಟ್ಟುಕೊಂಡೇ ಕೂತಿದ್ದಳು.

ನಾನು ನೋಡಿದ್ದನ್ನು ಅವಳು ನೋಡಿದಳು. ಕೈ ಹಿಂದಕ್ಕೆ ಎಳೆದುಕೊಂಡು, ಒಳಗೆ ಹೋಗು, ಬಾಣಂತಿ ಗಾಳಿಗೆ ನಿಲ್ಲಬಾರದು ಎಂದಳು. ಅದು ಗದರಿಕೆಯೂ ಅಲ್ಲ, ಪ್ರೀತಿಯೂ ಅಲ್ಲ, ಮನೆಗೆ ಹಿರಿಯಳಾದವಳು ಹೇಳುವ ಮಾತು. ಅಕ್ಕ ಎಂದು ಒಂದು ಸಲ ಕರೆದಿದ್ದರೆ ಸಾಕಿತ್ತು. ಅತ್ತೆ ಆರತಿ ಎತ್ತಿದರು, ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಆಮೇಲಿನ ವರ್ಷಗಳಲ್ಲಿ ಮಾತು ಶುರುವಾಯಿತು, ಹಬ್ಬಕ್ಕೆ ಹೋಳಿಗೆ ಗೋಡೆ ದಾಟಿತು, ಮಕ್ಕಳು ಒಂದೇ ತಟ್ಟೆಯಲ್ಲಿ ಉಂಡರು. ಆ ಕೈಯ ವಿಷಯ ಮಾತ್ರ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳು ಎತ್ತದಿದ್ದದ್ದು ದೊಡ್ಡತನ. ನನ್ನದಕ್ಕೆ ಹೆಸರು ಬೇರೆ.

ಅಂದು ಸಂಜೆ ಜಗಲಿಯ ಮೇಲೆ ಮತ್ತೆ ಅದೇ ಚರ್ಚೆ. ನೋಡಪ್ಪ, ಬಾಣಂತೀನ ಹೂವಿನ ಹಾಗೆ ತಂದುಬಿಡ್ತು ಗಾಡಿ, ಪ್ಲೇಟು ಹಾಕಿಸಿದ್ದು ಸಾರ್ಥಕ ಆಯ್ತು ಎಂದು ಯಾರೋ ಹೇಳುತ್ತಿದ್ದರು. ಹಿಂದಿನ ದಿನ ಜ್ವರ ಬರುವ ಹಾಗಿದ್ದವರದೇ ದನಿ. ಇವರು ಹೂಂ ಎನ್ನುತ್ತಿದ್ದರು. ಕೋಣೆಯ ಕತ್ತಲಲ್ಲಿ ಮಗುವಿಗೆ ಹಾಲು ಕೊಡುತ್ತಾ ನಾನು ಎಲ್ಲ ಕೇಳಿಸಿಕೊಂಡೆ. ಗೋಡೆಯಾಚೆ ಯಾರೋ ಅರಿಸಿನ ಕುಟ್ಟುತ್ತಿದ್ದರು, ಗಾಯಕ್ಕೆ ಇರಬೇಕು.

ಇವರು ಒಳಗೆ ಬಂದಾಗ, ಆ ಪ್ಲೇಟು ಬಿಚ್ಚಿಸಿಬಿಡಿ ಎಂದೆ.

ಇವರಿಗೆ ಆಶ್ಚರ್ಯ. "ನೀನೇ ತಾನೆ ಹಟ ಮಾಡಿ ಹಾಕ್ಸಿದ್ದು? ಇವತ್ತು ಚೆನ್ನಾಗೇ ಬಂತಲ್ಲ. ಈಗೇನಾಯ್ತು?"

ಏನಾಯಿತು ಎಂದು ಹೇಳಬಹುದಿತ್ತು. ನಾನು ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು, ಗೋಡೆಯ ಕಡೆ ತಿರುಗಿದೆ.

"ಹೊಲಿಗೆ ನೋಯ್ತು" ಎಂದೆ.